ಮಲಗಿದಷ್ಟೂ ಬಿಗಿಯುವ ಬೆನ್ನು: ತೀವ್ರ ಫಿಸಿಯೋಥೆರಪಿ ಏನು ಮಾಡುತ್ತದೆ?

ರಾತ್ರಿ ಮೂರೂವರೆ, ನಾಲ್ಕು ಗಂಟೆಗೆ ಎಚ್ಚರವಾಗುತ್ತದೆ. ಸೊಂಟದ ಕೆಳಗೆ, ಎಲ್ಲೋ ಆಳದಲ್ಲಿ ನೋವು. ಮಗ್ಗುಲು ಬದಲಿಸಲು ಹೋದರೆ ಬೆನ್ನು ಹಲಗೆಯ ಹಾಗೆ ಒಂದೇ ತುಂಡಾಗಿ ತಿರುಗುತ್ತದೆ. ಎದ್ದು ನಾಲ್ಕು ಹೆಜ್ಜೆ ಓಡಾಡಿದರೆ ಸ್ವಲ್ಪ ಹಗುರ. ಬೆಳಿಗ್ಗೆ ಬಗ್ಗಿ ಚಪ್ಪಲಿ ಹಾಕಿಕೊಳ್ಳಬೇಕು ಅಂದರೆ ಅರ್ಧ ಗಂಟೆ, ಕೆಲವು ದಿನ ಎರಡು ಗಂಟೆ ಕಾಯಬೇಕು. ವಯಸ್ಸು ನೋಡಿದರೆ ಇಪ್ಪತ್ತೈದು.

ಭಾರ ಎತ್ತಿ ಉಳುಕಿದ ಬೆನ್ನು ಮಲಗಿದರೆ ಸುಧಾರಿಸುತ್ತದೆ. ಈ ಬೆನ್ನು ಮಲಗಿದರೆ ಕೆಡುತ್ತದೆ, ಓಡಾಡಿದರೆ ಸಡಿಲವಾಗುತ್ತದೆ. ನೋವು ನಿಧಾನವಾಗಿ ಶುರುವಾಗಿ, ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿದು, 45 ವರ್ಷಕ್ಕಿಂತ ಮೊದಲೇ ಕಾಣಿಸಿಕೊಂಡಿದ್ದರೆ ಡಾಕ್ಟರಿಗೆ ಬೆನ್ನಿನ ಉರಿಯೂತದ ಸಂಧಿವಾತ ಇರಬಹುದು ಎಂಬ ಅನುಮಾನ ಬರಬೇಕು. ಇದಕ್ಕೆ ವೈದ್ಯರು ಇಟ್ಟಿರುವ ಹೆಸರು ಆಕ್ಸಿಯಲ್ ಸ್ಪಾಂಡಿಲೋಆರ್ಥ್ರೈಟಿಸ್. ಎಕ್ಸ್‌ರೇಯಲ್ಲಿ ಸ್ಪಷ್ಟವಾಗಿ ಕಾಣುವಷ್ಟು ಬದಲಾವಣೆ ಆಗಿದ್ದರೆ ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್, ಚಿಕ್ಕದಾಗಿ ಎಎಸ್. ಕತ್ತು ಸವೆದು ನೋಯುವುದಕ್ಕೂ ಜನ ಸ್ಪಾಂಡಿಲೈಟಿಸ್ ಅಂತಲೇ ಹೇಳುತ್ತಾರೆ. ಅದು ಬೇರೆ ತೊಂದರೆ. ಈ ಹೆಸರಿನ ಗೊಂದಲದಲ್ಲೇ ಎಷ್ಟೋ ಜನರ ವರ್ಷಗಳು ಕಳೆದುಹೋಗುತ್ತವೆ. ಇದು ಗಂಡಸರ ಕಾಯಿಲೆ ಎಂಬ ಹಳೆಯ ನಂಬಿಕೆಯಿಂದ ಹೆಂಗಸರಿಗಂತೂ ಕಾಯಿಲೆ ಪತ್ತೆಯಾಗುವುದು ಇನ್ನೂ ತಡ.

ಒಮ್ಮೆ ಕಾಯಿಲೆಯ ಹೆಸರು ಗೊತ್ತಾದ ಮೇಲೆ ಡಾಕ್ಟರು ಮಾತ್ರೆ ಬರೆದು, ‘ವ್ಯಾಯಾಮ ಮಾಡಿ’ ಅನ್ನುತ್ತಾರೆ. ಆ ಎರಡು ಪದದಲ್ಲೇ ದೊಡ್ಡ ಸಮಸ್ಯೆ ಇದೆ. ಎಷ್ಟು ಮಾಡಬೇಕು? ಯಾವುದನ್ನು? ನೋವಿದ್ದರೂ ಮಾಡಬೇಕಾ? ಮಾತ್ರೆಗೆ ಮಿಲಿಗ್ರಾಂ ಬರೆಯುತ್ತಾರೆ, ವ್ಯಾಯಾಮಕ್ಕೆ ಏನೂ ಬರೆಯುವುದಿಲ್ಲ. ತೀವ್ರ ಫಿಸಿಯೋಥೆರಪಿ ಹುಟ್ಟಿದ್ದೇ ಈ ಕೊರತೆ ತುಂಬಲು. ವ್ಯಾಯಾಮವನ್ನು ಔಷಧಿಯ ಹಾಗೆ ಅಳೆದು, ಸಾಕಷ್ಟು ಡೋಸ್‌ನಲ್ಲಿ, ಕೆಲವು ವಾರ ಬೇರೆ ಕೆಲಸ ಬದಿಗಿಡಿಸಿ ಮಾಡಿಸುವುದು ಅದರ ರೀತಿ.

ಬಿಗಿತ ಒಂದೇ, ಕಾರಣ ಮೂರು

ಉರಿಯೂತ ಸಾಮಾನ್ಯವಾಗಿ ಶುರುವಾಗುವುದು ಸ್ಯಾಕ್ರೋಇಲಿಯಾಕ್ ಕೀಲುಗಳಲ್ಲಿ. ಬೆನ್ನೆಲುಬಿನ ಬುಡ ಸೊಂಟದ ಮೂಳೆಗೆ ಸೇರುವ ಜಾಗ ಅದು, ಎಡಕ್ಕೊಂದು, ಬಲಕ್ಕೊಂದು. ಅಲ್ಲಿಂದ ಅದು ಮೇಲಕ್ಕೆ ಹತ್ತಬಹುದು. ಮಾಂಸಖಂಡವನ್ನು ಮೂಳೆಗೆ ಕಟ್ಟುವ ಟೆಂಡನ್ ಮತ್ತು ಮೂಳೆಗೆ ಮೂಳೆ ಕಟ್ಟುವ ಲಿಗಮೆಂಟ್‌ಗಳು ಮೂಳೆಗೆ ಅಂಟಿಕೊಳ್ಳುವ ಜಾಗಗಳೆಂದರೆ ಈ ಕಾಯಿಲೆಗೆ ವಿಶೇಷ ಒಲವು. ಅದಕ್ಕೇ ಎಷ್ಟೋ ಜನರಿಗೆ ಬೆನ್ನಿನ ಜೊತೆ ಹಿಮ್ಮಡಿಯೂ ನೋಯುತ್ತದೆ, ಪಕ್ಕೆಲುಬು ಎದೆಮೂಳೆಗೆ ಸೇರುವ ಕಡೆ ಮುಟ್ಟಿದರೂ ನೋವಾಗುತ್ತದೆ.

ಉರಿ ಆರಿದ ಜಾಗದಲ್ಲಿ ದೇಹ ಹೊಸ ಮೂಳೆ ಕಟ್ಟತೊಡಗುತ್ತದೆ. ಬೆನ್ನೆಲುಬಿನ ಒಂದು ಮಣಿಯಿಂದ ಇನ್ನೊಂದಕ್ಕೆ ಸಣ್ಣ ಸೇತುವೆ ಬೆಳೆಯುತ್ತದೆ. ವರ್ಷಗಳ ನಂತರ ಕೆಲವರಲ್ಲಿ ಇಡೀ ಬೆನ್ನೆಲುಬು ಒಂದೇ ಕೋಲಾಗುತ್ತದೆ. ಎಕ್ಸ್‌ರೇಯಲ್ಲಿ ಗೆಣ್ಣು ಗೆಣ್ಣಾಗಿ ಬಿದಿರಿನ ಹಾಗೆ ಕಾಣುವುದರಿಂದ ಅದಕ್ಕೆ ಬಿದಿರು ಬೆನ್ನು ಅಂತಲೇ ಹೆಸರು. ಎಲ್ಲರಿಗೂ ಹೀಗಾಗುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಎಚ್‌ಎಲ್‌ಎ-ಬಿ27 ಎಂಬ ಜೀನ್‌ಗೂ ಈ ಕಾಯಿಲೆಗೂ ಇರುವ ನಂಟು 1973ರಲ್ಲಿ ಗೊತ್ತಾಯಿತು. ಆದರೆ ಆ ಜೀನ್ ಇರುವ ಬಹುಪಾಲು ಜನರಿಗೆ ಕಾಯಿಲೆ ಬರುವುದೇ ಇಲ್ಲ. ಹಾಗಾಗಿ ರಕ್ತಪರೀಕ್ಷೆಯ ಕಾಗದ ನೋಡಿ ಗಾಬರಿಯಾಗಬೇಡಿ.

ಈಗ ಮುಖ್ಯ ವಿಷಯ. ‘ಬೆನ್ನು ಬಿಗಿದಿದೆ’ ಎಂದು ಒಬ್ಬರು ಹೇಳಿದಾಗ ಆ ಬಿಗಿತದಲ್ಲಿ ಮೂರು ಪಾಲು ಇರಬಹುದು. ಒಂದು, ಉರಿಯೂತದ ಪಾಲು. ಬೆಳಗಿನ ಜಾವ ಎಬ್ಬಿಸುವುದು ಇದೇ. ಇದನ್ನು ಮುಖ್ಯವಾಗಿ ಔಷಧಿ ಇಳಿಸುತ್ತದೆ. ಎರಡನೆಯದು ಮಾಂಸಖಂಡಗಳ ಪಾಲು. ನೋಯುವ ಕೀಲನ್ನು ಕಾಯಲು ಸುತ್ತಲಿನ ಮಾಂಸಖಂಡಗಳು ಸೆಟೆದು ನಿಲ್ಲುತ್ತವೆ. ತಿಂಗಳುಗಟ್ಟಲೆ ಹಾಗೇ ನಿಂತರೆ ಅವು ಮೋಟಾಗುತ್ತವೆ, ಸೊರಗುತ್ತವೆ. ಮೂರನೆಯದು ಮೂಳೆಯ ಪಾಲು. ಮೂಳೆ ಬೆಸೆದ ಕಡೆ ಯಾವ ವ್ಯಾಯಾಮವೂ ಅದನ್ನು ಬಿಡಿಸಲಾರದು.

ಫಿಸಿಯೋಥೆರಪಿ ದುಡಿಯುವುದು ಹೆಚ್ಚಾಗಿ ನಡುವಿನ ಪಾಲಿನ ಮೇಲೆ. ನನಗೆ ತುಂಬಾ ಮುಖ್ಯ ಅನ್ನಿಸುವುದು ಇನ್ನೊಂದು ಸಂಗತಿ: ಆ ನಡುವಿನ ಪಾಲು ಎಷ್ಟು ದೊಡ್ಡದು ಎಂದು ಎಕ್ಸ್‌ರೇ ಹೇಳುವುದಿಲ್ಲ. ದುಡಿಸಿ ನೋಡಿದಾಗಲೇ ಅದು ತಿಳಿಯುವುದು. ‘ನನ್ನ ಬೆನ್ನು ಹೋಯಿತು, ಇನ್ನು ಇಷ್ಟೇ’ ಎಂದು ಕೈಚೆಲ್ಲಿದವರ ಕತ್ತು ಕೂಡ ಎರಡು ವಾರದಲ್ಲಿ ಹತ್ತು ಡಿಗ್ರಿ ಹೆಚ್ಚು ತಿರುಗಿದರೆ, ಕಳೆದುಕೊಂಡೆವು ಅಂದುಕೊಂಡಿದ್ದರಲ್ಲಿ ಒಂದಷ್ಟು ಮೂಳೆಯದಲ್ಲ, ಬರೀ ಮಾಂಸಖಂಡದ್ದು ಎಂದಾಯಿತು.

ಬೆನ್ನು ಮುಂದಕ್ಕೇ ಬಾಗುವುದೇಕೆ?

ನೋಯುವ ಬೆನ್ನಿಗೆ ಸ್ವಲ್ಪ ಮುಂದೆ ಬಾಗಿದರೆ ಹಿತ. ಮಂಡಿ ಮಡಚಿ, ಮುದುಡಿ ಮಲಗಿದರೆ ಇನ್ನೂ ಹಿತ. ಹಾಗೆ ಮಲಗಿದಾಗ ತೊಡೆಯ ಮುಂಭಾಗದ ಮಾಂಸಖಂಡಗಳು ಮೋಟಾಗುತ್ತವೆ. ಎದೆಯ ಮುಂಭಾಗ ಬಿಗಿಯುತ್ತದೆ. ತಲೆ ಮುಂದಕ್ಕೆ ಚಾಚುತ್ತದೆ. ಇದೇ ಭಂಗಿಯಲ್ಲಿ ಮೂಳೆ ಬೆಸೆದುಕೊಂಡರೆ ಮನುಷ್ಯನಿಗೆ ಎದುರಿಗೆ ಬರುವವರ ಮುಖ ನೋಡುವುದೂ ಕಷ್ಟವಾಗುತ್ತದೆ.

ಅದಕ್ಕೇ ಇಲ್ಲಿನ ವ್ಯಾಯಾಮಗಳಲ್ಲಿ ಹಿಂದಕ್ಕೆ ಬಾಗುವುದು, ತಿರುಗುವುದು, ಎದೆ ಅರಳಿಸುವುದೇ ಜಾಸ್ತಿ. ಬೋರಲು ಮಲಗುವುದನ್ನು ದಿನಾ 15–20 ನಿಮಿಷ ಮಾಡಿಸುತ್ತಾರೆ. ನೋಡಲು ಸುಮ್ನೆ ಮಲಗಿದ ಹಾಗೆ ಕಾಣುತ್ತದೆ, ಆದರೆ ತೊಡೆಯ ಬುಡ ಮತ್ತು ಎದೆ ಎರಡೂ ಒಟ್ಟಿಗೆ ಹಿಗ್ಗುತ್ತಿರುತ್ತವೆ. ಬೋರಲು ಮಲಗಲು ಆಗದಷ್ಟು ಬಾಗಿದವರಿಗೆ ಎದೆಯ ಕೆಳಗೆ ದಿಂಬಿಟ್ಟು ಶುರು ಮಾಡಿಸಿ, ದಿಂಬಿನ ದಪ್ಪ ಕಡಿಮೆ ಮಾಡುತ್ತಾ ಬರುತ್ತಾರೆ. ರಾತ್ರಿ ತಲೆಗೆ ತೆಳುವಾದ ದಿಂಬು ಸಾಕು. ಮಂಡಿಯ ಕೆಳಗೆ ದಿಂಬು ಬೇಡ. ಮೂಳೆ ಬೆಸೆಯುವುದೇ ಆದರೆ ನೆಟ್ಟಗೆ ನಿಂತು ಬೆಸೆಯಲಿ ಎಂಬ ಲೆಕ್ಕಾಚಾರವೂ ಇದರ ಹಿಂದೆ ಇದೆ. ಕೇಳಲು ಕಠಿಣ, ಆದರೆ ಬೆನ್ನು ನೆಟ್ಟಗೆ ಇರುವವರು ಅದು ಬಿಗಿದಿದ್ದರೂ ಎಲ್ಲ ಕೆಲಸ ಮಾಡಿಕೊಂಡು ಬದುಕುತ್ತಾರೆ.

ಉಸಿರಿನ ವಿಷಯವನ್ನು ಜನ ಮರೆತೇ ಬಿಡುತ್ತಾರೆ. ಪಕ್ಕೆಲುಬುಗಳು ಹಿಂದೆ ಬೆನ್ನೆಲುಬಿಗೆ ಸೇರುವ ಕೀಲುಗಳಿಗೂ ಉರಿಯೂತ ತಗಲುತ್ತದೆ. ಆಗ ಎದೆಗೂಡು ಅರಳುವುದಿಲ್ಲ, ಉಸಿರಾಟವೆಲ್ಲ ಹೊಟ್ಟೆಯಿಂದಲೇ ನಡೆಯುತ್ತದೆ. ಎದೆಯ ಸುತ್ತ ಟೇಪು ಹಿಡಿದು, ಪೂರ್ತಿ ಉಸಿರು ಬಿಟ್ಟಾಗಿನ ಅಳತೆಗೂ ಪೂರ್ತಿ ಎಳೆದಾಗಿನ ಅಳತೆಗೂ ಇರುವ ವ್ಯತ್ಯಾಸ ನೋಡುತ್ತಾರೆ. ಅದು 2.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಎದೆಗೂಡು ಬಿಗಿದಿದೆ ಎಂದರ್ಥ. ಪಕ್ಕೆಗಳ ಮೇಲೆ ಅಂಗೈ ಇಟ್ಟು, ಆ ಅಂಗೈಗಳನ್ನು ತಳ್ಳುವಂತೆ ಉಸಿರೆಳೆಯುವುದು ಇದಕ್ಕೆ ಇರುವ ಸರಳ ಅಭ್ಯಾಸ.

ತೀವ್ರ ಅಂದರೆ ಎಷ್ಟು?

ಇಂಗ್ಲೆಂಡಿನ ಬಾತ್ ಊರಿನಲ್ಲಿ ಸಂಧಿವಾತಕ್ಕೆ ಹೆಸರಾದ ಹಳೆಯ ಆಸ್ಪತ್ರೆಯೊಂದಿದೆ, ರಾಯಲ್ ನ್ಯಾಷನಲ್ ಹಾಸ್ಪಿಟಲ್ ಫಾರ್ ರುಮಾಟಿಕ್ ಡಿಸೀಸಸ್. ಬಿಸಿನೀರಿನ ಊಟೆಗಳ ಊರು ಅದು. ಎಎಸ್ ಇರುವವರು ಅಲ್ಲಿ ಎರಡು ವಾರ ಇದ್ದು, ಒಟ್ಟಾಗಿ ಕೋರ್ಸ್ ಮಾಡುವ ಪದ್ಧತಿ ಬೆಳೆಯಿತು. ಇಂಥ ಕೋರ್ಸಿನಲ್ಲಿ ದಿನದ ಹಲವು ಗಂಟೆ ದೇಹಕ್ಕೆ ಕೆಲಸ. ಬೆಳಿಗ್ಗೆ ಬಿಗಿತ ಬಿಡಿಸುವ ಸ್ಟ್ರೆಚಿಂಗ್, ಆಮೇಲೆ ಬೆಚ್ಚಗಿನ ನೀರಿನ ಕೊಳದಲ್ಲಿ ವ್ಯಾಯಾಮ, ಜಿಮ್, ಒಬ್ಬೊಬ್ಬರಿಗೇ ಬೇಕಾದ ಚಿಕಿತ್ಸೆ, ಗುಂಪಿನ ಆಟ. ನಡುವೆ ಕಾಯಿಲೆಯ ಬಗ್ಗೆ, ಔಷಧಿಯ ಬಗ್ಗೆ, ಕೆಲಸದ ಜಾಗದಲ್ಲಿ ಕೂರುವ ರೀತಿಯ ಬಗ್ಗೆ ಪಾಠ. ಬೆಚ್ಚಗಿನ ನೀರು ದೇಹದ ಭಾರ ಹೊರುತ್ತದೆ, ಮಾಂಸಖಂಡ ಸಡಿಲಿಸುತ್ತದೆ. ನೆಲದ ಮೇಲೆ ಆಗದ ಚಲನೆ ನೀರಿನಲ್ಲಿ ಮೊದಲು ಸಿಗುತ್ತದೆ. ಹಾಗಂತ ಕೊಳ ಇಲ್ಲದಿದ್ದರೆ ಚಿಕಿತ್ಸೆಯೇ ಇಲ್ಲ ಅಂದುಕೊಳ್ಳಬೇಡಿ. ನೆಲದ ಮೇಲಿನ ವ್ಯಾಯಾಮಕ್ಕೂ ಒಳ್ಳೆಯ ಫಲವಿದೆ.

ಈ ಕಾಯಿಲೆಯನ್ನು ಅಳೆಯುವ ಮಾಪನಗಳೂ ಬಾತ್‌ನಿಂದಲೇ ಬಂದವು. ಇವತ್ತು ಜಗತ್ತಿನ ಎಲ್ಲ ರುಮಟಾಲಜಿಸ್ಟ್‌ಗಳಿಗೂ, ಅಂದರೆ ಸಂಧಿವಾತದ ತಜ್ಞರಿಗೂ, ಗೊತ್ತಿರುವ ಬಾಸ್ಡಾಯ್, ಬಾಸ್ಫಿ, ಬಾಸ್ಮಿ ಎಂಬ ಹೆಸರುಗಳ ಮೊದಲಲ್ಲಿರುವ ‘ಬಾ’ ಆ ಊರಿನದೇ. ಮೂರೂ ಪ್ರಕಟವಾಗಿದ್ದು 1994ರಲ್ಲಿ. ಬಾಸ್ಡಾಯ್ ಆರು ಪ್ರಶ್ನೆಗಳ ಪಟ್ಟಿ: ಸುಸ್ತು, ಬೆನ್ನುನೋವು, ಬೇರೆ ಕೀಲುಗಳ ನೋವು, ಮುಟ್ಟಿದರೆ ಆಗುವ ನೋವು, ಬೆಳಗಿನ ಬಿಗಿತ ಎಷ್ಟು ಜೋರು, ಎಷ್ಟು ಹೊತ್ತು. ಹತ್ತಕ್ಕೆ ನಾಲ್ಕು ಅಥವಾ ಹೆಚ್ಚು ಬಂದರೆ ಕಾಯಿಲೆ ಚುರುಕಾಗಿದೆ ಎಂದು ಲೆಕ್ಕ. ಬಾಸ್ಫಿ ದಿನದ ಕೆಲಸಗಳನ್ನು ಕೇಳುತ್ತದೆ. ಬಾಸ್ಮಿಯಲ್ಲಿ ಟೇಪು ಮತ್ತು ಕೋನಮಾಪಕ ಹಿಡಿದು ಕತ್ತು ಎಷ್ಟು ತಿರುಗುತ್ತದೆ, ಸೊಂಟ ಮುಂದಕ್ಕೆ ಮತ್ತು ಪಕ್ಕಕ್ಕೆ ಎಷ್ಟು ಬಾಗುತ್ತದೆ, ಕಾಲು ಎಷ್ಟು ಅಗಲವಾಗುತ್ತದೆ, ಗೋಡೆಗೆ ಒರಗಿ ನಿಂತಾಗ ಕಿವಿಗೂ ಗೋಡೆಗೂ ಎಷ್ಟು ದೂರ ಎಂದು ಅಳೆಯುತ್ತಾರೆ. ಕೋರ್ಸಿನ ಮೊದಲ ದಿನ ಒಮ್ಮೆ, ಕೊನೆಯ ದಿನ ಒಮ್ಮೆ. ಮೊದಲೇ ಹೇಳಿದ ನಡುವಿನ ಪಾಲು ಎಷ್ಟಿತ್ತು ಅನ್ನುವುದಕ್ಕೆ ಈ ಎರಡು ಅಳತೆಗಳ ವ್ಯತ್ಯಾಸದಲ್ಲಿ ಉತ್ತರ ಸಿಗುತ್ತದೆ.

ಇದರಿಂದ ನಿಜಕ್ಕೂ ಪ್ರಯೋಜನ ಇದೆಯಾ? 2001ರಲ್ಲಿ ಪ್ರಕಟವಾದ ನೆದರ್‌ಲ್ಯಾಂಡ್ಸ್‌ನ ಒಂದು ಅಧ್ಯಯನ ಇದನ್ನು ಚೆನ್ನಾಗಿ ತೋರಿಸುತ್ತದೆ. 120 ರೋಗಿಗಳನ್ನು ತಲಾ ನಲವತ್ತರಂತೆ ಮೂರು ಗುಂಪು ಮಾಡಿದರು. ಒಂದು ಗುಂಪು ಆಸ್ಟ್ರಿಯಾದ ಬಾದ್ ಗಾಸ್ಟೈನ್‌ಗೆ, ಇನ್ನೊಂದು ನೆದರ್‌ಲ್ಯಾಂಡ್ಸ್‌ನದೇ ಆರ್ಸೆನ್ ಎಂಬಲ್ಲಿಗೆ ಹೋಗಿ ಮೂರು ವಾರ ತೀವ್ರ ವ್ಯಾಯಾಮ ಮತ್ತು ಸ್ನಾನ ಚಿಕಿತ್ಸೆ ಪಡೆಯಿತು. ಮೂರನೆಯ ಗುಂಪು ಊರಲ್ಲೇ ಇದ್ದು ವಾರಕ್ಕೊಮ್ಮೆ ಗುಂಪು ವ್ಯಾಯಾಮ ಮಾಡಿತು. ಹೊರಗೆ ಹೋಗಿ ಬಂದವರೂ ನಂತರ ವಾರದ ಗುಂಪು ವ್ಯಾಯಾಮಕ್ಕೆ ಸೇರಿಕೊಂಡರು. ಮೂರು ವಾರದ ಕೋರ್ಸ್ ಮಾಡಿದವರ ಸ್ಥಿತಿ ಊರಲ್ಲೇ ಇದ್ದವರಿಗಿಂತ ಚೆನ್ನಾಗಿತ್ತು, ಮತ್ತು ಆ ಲಾಭ ತಿಂಗಳುಗಟ್ಟಲೆ ಉಳಿಯಿತು. ನಿಸರ್ಗದ ಮಡಿಲು, ಬಿಸಿನೀರು, ರಜೆ ಇವುಗಳ ಪಾಲು ಎಷ್ಟು, ಕಸರತ್ತಿನ ಪಾಲು ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ, ನಿಜ. ಆದರೆ ಮೂರು ವಾರದ ಶ್ರಮ ತಿಂಗಳುಗಟ್ಟಲೆ ನಿಲ್ಲಬಹುದು ಎಂಬುದು ಸಣ್ಣ ಮಾತಲ್ಲ.

2008ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚಿ ನೋಡುವ ಕೊಕ್ರೇನ್ ಸಂಸ್ಥೆ 11 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು, ಒಟ್ಟು 763 ರೋಗಿಗಳು. ಅದರಲ್ಲಿ ಕಂಡಿದ್ದು ಒಂದು ಏಣಿಯ ಹಾಗಿದೆ. ಏನೂ ಮಾಡದಿರುವುದಕ್ಕಿಂತ ಮನೆಯಲ್ಲಿ ವ್ಯಾಯಾಮ ಮಾಡುವುದು ಮೇಲು. ಮನೆಯಲ್ಲಿ ಒಬ್ಬರೇ ಮಾಡುವುದಕ್ಕಿಂತ ಫಿಸಿಯೋಥೆರಪಿಸ್ಟ್ ಮುಂದೆ ಗುಂಪಿನಲ್ಲಿ ಮಾಡುವುದು ಮೇಲು. ಬರೀ ಗುಂಪು ವ್ಯಾಯಾಮಕ್ಕಿಂತ, ಮೊದಲು ತೀವ್ರ ಕೋರ್ಸ್ ಮುಗಿಸಿ ಆಮೇಲೆ ಗುಂಪಿಗೆ ಸೇರುವುದು ಮೇಲು. ಸರಾಸರಿ ಲಾಭ ಪವಾಡದಂತೇನೂ ಇಲ್ಲ, ಸಾಧಾರಣವೇ. ಆದರೆ ವಾಹನ ಹಿಂದಕ್ಕೆ ತೆಗೆಯುವಾಗ ಕತ್ತು ತಿರುಗಿಸಿ ನೋಡಲು ಆಗುವುದು, ಆಗದಿರುವುದು ಕೆಲವು ಡಿಗ್ರಿಗಳ ಮಾತು ಅಲ್ವಾ?

ಎದೆ ಬಡಿತ ಏರಬೇಕು

ತುಂಬಾ ವರ್ಷ ಈ ರೋಗಿಗಳಿಗೆ ಮೆತ್ತಗಿನ ಸ್ಟ್ರೆಚಿಂಗ್ ಮಾತ್ರ ಹೇಳಿಕೊಡುತ್ತಿದ್ದರು. ಜೋರಾಗಿ ಕಸರತ್ತು ಮಾಡಿದರೆ ಉರಿಯೂತ ಕೆರಳಬಹುದು ಎಂಬ ಭಯ. ಆ ಭಯಕ್ಕೆ ಆಧಾರವೇ ಇಲ್ಲ ಅನ್ನಲಾಗದು. ಬೆಲ್ಜಿಯಂನ ವಿಜ್ಞಾನಿಗಳು ಉರಿಯೂತ ಬರುವಂತೆ ಬೆಳೆಸಿದ ಇಲಿಗಳ ಹಿಂಗಾಲಿಗೆ ಭಾರ ಬೀಳದಂತೆ ಎತ್ತಿ ಕಟ್ಟಿದಾಗ, ಆ ಕಾಲಿನ ಟೆಂಡನ್‌ಗಳ ಉರಿಯೂತ ಕಡಿಮೆಯಾಗಿತ್ತು. ಅಂದರೆ ಎಳೆತ, ಒತ್ತಡಕ್ಕೂ ಉರಿಯೂತಕ್ಕೂ ಏನೋ ಸಂಬಂಧ ಇದೆ.

ಆದರೆ ಮನುಷ್ಯರಲ್ಲಿ ನೋಡಿದಾಗ ಬೇರೆಯೇ ಕಂಡಿತು. ನಾರ್ವೆಯ ಸಂಶೋಧಕರು ಕಾಯಿಲೆ ಚುರುಕಾಗಿದ್ದ 100 ಜನರ ಮೇಲೆ ಅಧ್ಯಯನ ಮಾಡಿದರು. ಅರ್ಧದಷ್ಟು ಜನರಿಗೆ ಮೂರು ತಿಂಗಳು, ವಾರಕ್ಕೆ ಮೂರು ದಿನ, ಗಟ್ಟಿಯಾದ ತರಬೇತಿ. ನಾಲ್ಕು ನಿಮಿಷ ಎದೆಬಡಿತ ಗರಿಷ್ಠದ ಹತ್ತಿರಕ್ಕೆ ಹೋಗುವಷ್ಟು ಜೋರು, ಸ್ವಲ್ಪ ನಿಧಾನ, ಮತ್ತೆ ನಾಲ್ಕು ನಿಮಿಷ ಜೋರು, ಹೀಗೆ ನಾಲ್ಕು ಸಲ. ಜೊತೆಗೆ ತೂಕ ಎತ್ತುವ ವ್ಯಾಯಾಮ. ಕಾಯಿಲೆ ಕೆರಳಲಿಲ್ಲ, ಇಳಿಯಿತು. ನೋವು, ಬಿಗಿತ, ಸುಸ್ತು ಎಲ್ಲವೂ ತಗ್ಗಿದವು. ಈ ರೋಗಿಗಳಲ್ಲಿ ಹೃದಯದ ಕಾಯಿಲೆಯ ಅಪಾಯ ಉಳಿದವರಿಗಿಂತ ಹೆಚ್ಚು ಎಂಬುದನ್ನು ನೆನೆದರೆ, ಹೃದಯಕ್ಕೆ ಸಿಕ್ಕ ಲಾಭವೂ ದೊಡ್ಡದೇ. ನನ್ನ ಮಟ್ಟಿಗೆ, ಇಷ್ಟು ವರ್ಷ ನಾವು ಈ ಜನರಿಗೆ ಡೋಸ್ ಕಡಿಮೆ ಕೊಟ್ಟೆವು. ಮೆತ್ತಗಿನ ಸ್ಟ್ರೆಚಿಂಗ್ ಬೇಕು. ಅದೊಂದೇ ಸಾಲದು.

ಹಾಗಂತ ನಾಳೆ ಬೆಳಿಗ್ಗೆಯೇ ಓಡಲು ಶುರು ಮಾಡಬೇಡಿ. ಆ ತರಬೇತಿ ಫಿಸಿಯೋಥೆರಪಿಸ್ಟ್ ಪಕ್ಕದಲ್ಲಿದ್ದು, ಪರೀಕ್ಷೆ ಮಾಡಿಸಿಕೊಂಡು, ಹಂತ ಹಂತವಾಗಿ ಏರಿಸಿದ್ದು.

ಯಾರು ಎಚ್ಚರವಾಗಿರಬೇಕು

ಬೆಸೆದ ಬೆನ್ನೆಲುಬು ಗಟ್ಟಿ ಅನ್ನಿಸಿದರೂ ಅದು ಸುಲಭವಾಗಿ ಮುರಿಯುತ್ತದೆ. ಆರೋಗ್ಯವಂತ ಬೆನ್ನು ಸರಪಳಿಯ ಹಾಗೆ ಪೆಟ್ಟನ್ನು ಹಂಚಿಕೊಳ್ಳುತ್ತದೆ. ಬೆಸೆದ ಬೆನ್ನು ಕೋಲಿನ ಹಾಗೆ ಒಂದೇ ಕಡೆ ಲಟಕ್ಕನೆ ಮುರಿಯಬಹುದು. ಜೊತೆಗೆ ಒಳಗಿನ ಮೂಳೆ ಟೊಳ್ಳಾಗಿರುವುದೂ ಉಂಟು. ಹಾಗಾಗಿ ಮೂಳೆ ಬೆಸೆದವರ ಕತ್ತು, ಬೆನ್ನನ್ನು ಲಟಿಗೆ ತೆಗೆಯುವಂತೆ ಯಾರೂ ತಿರುಗಿಸಬಾರದು, ಬಾಗಿದ್ದನ್ನು ಬಲವಂತವಾಗಿ ನೆಟ್ಟಗೆ ಮಾಡಬಾರದು. ಅಮೆರಿಕದ ರುಮಟಾಲಜಿ ವೈದ್ಯರ ಸಂಘ 2019ರ ಮಾರ್ಗಸೂಚಿಯಲ್ಲೂ ಇದನ್ನು ಸ್ಪಷ್ಟವಾಗಿ ಬೇಡ ಎಂದಿದೆ. ಅದೇ ಮಾರ್ಗಸೂಚಿ ಫಿಸಿಯೋಥೆರಪಿಯನ್ನು ಒತ್ತಿ ಶಿಫಾರಸು ಮಾಡುತ್ತದೆ.

ಇಂಥವರು ಸಣ್ಣಗೆ ಜಾರಿ ಬಿದ್ದು, ಆಮೇಲೆ ಹೊಸ ನೋವು ಶುರುವಾದರೆ ಮುರಿತವಿಲ್ಲ ಎಂದು ಗೊತ್ತಾಗುವ ತನಕ ವ್ಯಾಯಾಮ ನಿಲ್ಲಿಸಬೇಕು. ಕೈಕಾಲು ಮರಗಟ್ಟುವುದು, ಶಕ್ತಿ ಕುಂದುವುದು, ಮೂತ್ರದ ಹಿಡಿತ ತಪ್ಪುವುದು ಕಂಡರೆ ತಕ್ಷಣ ಆಸ್ಪತ್ರೆಗೆ. ಒಂದು ಕಣ್ಣು ಇದ್ದಕ್ಕಿದ್ದಂತೆ ಕೆಂಪಾಗಿ, ನೋವಾಗಿ, ಬೆಳಕು ಸಹಿಸದಿದ್ದರೆ ಅದು ಯುವಿಯೈಟಿಸ್, ಅಂದರೆ ಕಣ್ಣಿನೊಳಗಿನ ಉರಿಯೂತ ಇರಬಹುದು. ಈ ರೋಗಿಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಯಾವಾಗಲಾದರೂ ಅದು ಬರುತ್ತದೆ. ಅವತ್ತೇ ಕಣ್ಣಿನ ಡಾಕ್ಟರನ್ನು ನೋಡಬೇಕು.

ಮಾಮೂಲಿ ಮೈಕೈ ನೋವು ಯಾವುದು, ಕಾಯಿಲೆ ಕೆರಳಿದ್ದು ಯಾವುದು ಎಂಬ ಪ್ರಶ್ನೆ ಕೋರ್ಸಿನ ಮೊದಲ ವಾರ ಎಲ್ಲರಿಗೂ ಬರುತ್ತದೆ. ಮಾಂಸಖಂಡದ ನೋವು ದುಡಿಸಿದ ಜಾಗದಲ್ಲೇ ಇರುತ್ತದೆ, ಒಂದೆರಡು ದಿನದಲ್ಲಿ ಇಳಿಯುತ್ತದೆ. ವ್ಯಾಯಾಮ ಮುಗಿದು ಎರಡು ಗಂಟೆ ಕಳೆದರೂ ಕೀಲು ನೋವು ಮೊದಲಿಗಿಂತ ಹೆಚ್ಚೇ ಇದ್ದರೆ, ಮಾಡಿದ್ದು ಜಾಸ್ತಿಯಾಯಿತು. ಮಾರನೆಯ ದಿನ ಪ್ರಮಾಣ ಇಳಿಸಿ, ಪೂರ್ತಿ ಬಿಡಬೇಡಿ. ಬೆಳಗಿನ ಬಿಗಿತ ದಿನದಿಂದ ದಿನಕ್ಕೆ ಉದ್ದವಾಗುತ್ತಿದ್ದರೆ, ರಾತ್ರಿ ಮತ್ತೆ ಮತ್ತೆ ಎಚ್ಚರವಾಗುತ್ತಿದ್ದರೆ ಅದು ಡಾಕ್ಟರಿಗೆ ಹೇಳಬೇಕಾದ ವಿಷಯ.

ಇಂಜೆಕ್ಷನ್ ಇದ್ದರೂ ಬೇಕಾ?

ಬೇಕು. ನೋವು ಮತ್ತು ಉರಿಯೂತ ಇಳಿಸುವ ಮಾತ್ರೆಗಳೇ ಇವತ್ತಿಗೂ ಮೊದಲ ಔಷಧಿ. ಅದು ಸಾಲದವರಿಗೆ, ಉರಿಯೂತ ಕೆರಳಿಸುವ ಟಿಎನ್‌ಎಫ್, ಐಎಲ್-17 ಎಂಬ ಪ್ರೋಟೀನ್‌ಗಳನ್ನು ತಡೆಯುವ ಇಂಜೆಕ್ಷನ್‌ಗಳಿವೆ. ಇವು ಬಂದ ಮೇಲೆ ಎಷ್ಟೋ ಜನರ ಬದುಕೇ ಬದಲಾಗಿದೆ. ಆದರೆ ಔಷಧಿ ಉರಿ ಆರಿಸುತ್ತದೆ, ವರ್ಷಗಟ್ಟಲೆ ಮೋಟಾದ ಮಾಂಸಖಂಡವನ್ನು ಅದು ಉದ್ದ ಮಾಡುವುದಿಲ್ಲ, ಸೊರಗಿದ ಬೆನ್ನಿಗೆ ಬಲ ಕೊಡುವುದಿಲ್ಲ. ನೋವು ಇಳಿದ ಆ ಹೊತ್ತೇ ತೀವ್ರ ಫಿಸಿಯೋಥೆರಪಿಗೆ ಒಳ್ಳೆಯ ಸಮಯ. ಮೊದಲು ನೋವಿನಿಂದ ಆಗದಿದ್ದ ಚಲನೆ ಈಗ ಸಾಧ್ಯ. ಔಷಧಿಯ ಜೊತೆ ಇಂಥ ಚಿಕಿತ್ಸೆಯೂ ಸೇರಿದಾಗ ಬರೀ ಔಷಧಿಗಿಂತ ಹೆಚ್ಚು ಲಾಭವಾಗಿದ್ದನ್ನು ಅಧ್ಯಯನಗಳು ತೋರಿಸಿವೆ. ಸಿಗರೇಟು ಸೇದುವವರು ಅದನ್ನು ಬಿಡುವುದೂ ಚಿಕಿತ್ಸೆಯ ಭಾಗವೇ. ಸೇದುವವರಲ್ಲಿ ಬೆನ್ನಿನ ಹಾನಿ ಹೆಚ್ಚು ಕಾಣುತ್ತದೆ.

ಹಿಂದೆ ಹೀಗಿರಲಿಲ್ಲ ಎಂದು ನೆನಪಿಸಿಕೊಂಡರೆ ಮನಸ್ಸು ಭಾರವಾಗುತ್ತದೆ. ಒಂದು ಕಾಲಕ್ಕೆ ಈ ರೋಗಿಗಳನ್ನು ಪ್ಲಾಸ್ಟರ್ ಹಾಕಿ ಹಾಸಿಗೆಯಲ್ಲಿ ಮಲಗಿಸುತ್ತಿದ್ದರು. 1930ರ ದಶಕದಿಂದ ಬ್ರಿಟನ್ನಿನಲ್ಲಿ ಬೆನ್ನಿಗೆ ಎಕ್ಸ್‌ರೇ ವಿಕಿರಣ ಕೊಡುತ್ತಿದ್ದರು. ನೋವು ಕಡಿಮೆಯಾಗುತ್ತಿತ್ತು. ಹಾಗೆ ಚಿಕಿತ್ಸೆ ಪಡೆದ 14,000ಕ್ಕೂ ಹೆಚ್ಚು ಜನರನ್ನು ಮುಂದೆ ಪರಿಶೀಲಿಸಿದಾಗ, ಅವರಲ್ಲಿ ರಕ್ತದ ಕ್ಯಾನ್ಸರ್ ಹೆಚ್ಚಾಗಿದ್ದು ಗೊತ್ತಾಯಿತು. ಮಲಗಿಸುವುದು ತಪ್ಪು, ಎಬ್ಬಿಸಿ ನಡೆಸಬೇಕು ಎಂಬ ಅರಿವು ಬರಲು ಅಷ್ಟು ಜನ ಅಷ್ಟು ನರಳಬೇಕಾಯಿತು.

ಕೋರ್ಸ್ ಮುಗಿದ ಮೇಲಿನ ಸೋಮವಾರ

ತೀವ್ರ ಚಿಕಿತ್ಸೆಯ ಅತಿ ಕಷ್ಟದ ದಿನ ಅದರ ಮೊದಲ ದಿನವಲ್ಲ, ಮನೆಗೆ ಬಂದ ಮೇಲಿನ ಮೊದಲ ಕೆಲಸದ ದಿನ. ಅಲ್ಲಿ ಜೊತೆಗೆ ಹತ್ತು ಜನ ಇದ್ದರು, ಎಲ್ಲರ ಬೆನ್ನೂ ಹೀಗೇ ಇತ್ತು, ವಿವರಿಸುವ ಅಗತ್ಯವೇ ಇರಲಿಲ್ಲ. ಇಲ್ಲಿ ಒಬ್ಬರೇ. ಗುಂಪಿನ ವ್ಯಾಯಾಮ ಮನೆಯ ವ್ಯಾಯಾಮಕ್ಕಿಂತ ಮೇಲು ಎಂದು ಏಣಿಯಲ್ಲಿ ಕಂಡಿತಲ್ಲ, ಅದಕ್ಕೆ ಈ ಜೊತೆಗಾರಿಕೆಯೂ ಒಂದು ಕಾರಣ ಇರಬೇಕು ಎಂದು ನಾನು ನಂಬುತ್ತೇನೆ. ವಾರಕ್ಕೊಮ್ಮೆ ಸೇರುವ ಗುಂಪು ಸಿಕ್ಕರೆ ಬಿಡಬೇಡಿ. ಸಿಗದಿದ್ದರೆ ಕೋರ್ಸಿನಲ್ಲಿ ಸಿಕ್ಕ ಒಬ್ಬರ ಜೊತೆ ದಿನಾ ಬೆಳಿಗ್ಗೆ ಫೋನಿನಲ್ಲಿ ನೋಡಿಕೊಂಡೇ ಹತ್ತು ನಿಮಿಷ ಮಾಡಿ.

ಸಮಯ ಆರಿಸಿಕೊಳ್ಳುವುದೂ ಮುಖ್ಯ. ಎದ್ದ ತಕ್ಷಣ ಬೆನ್ನು ತುಂಬಾ ಬಿಗಿದಿರುವವರು ಬಿಸಿನೀರಿನ ಸ್ನಾನ ಆದ ಮೇಲೆ ಸ್ಟ್ರೆಚಿಂಗ್ ಮಾಡಲಿ, ಗಟ್ಟಿ ಕಸರತ್ತು ಸಂಜೆಗೆ ಇಟ್ಟುಕೊಳ್ಳಲಿ. ಕೂತು ಕೆಲಸ ಮಾಡುವವರು ಅರ್ಧ ಗಂಟೆಗೊಮ್ಮೆ ಎದ್ದು, ಬೆನ್ನನ್ನು ಒಮ್ಮೆ ಹಿಂದಕ್ಕೆ ಬಾಗಿಸಿ ಕೂರಲಿ.

ತಿಂಗಳಿಗೊಮ್ಮೆ, ಒಂದೇ ತಾರೀಖಿಗೆ, ಒಂದೇ ಹೊತ್ತಿಗೆ, ಗೋಡೆಗೆ ಹಿಮ್ಮಡಿ ಮತ್ತು ಬೆನ್ನು ತಾಗಿಸಿ ನಿಲ್ಲಿ. ಗಲ್ಲ ಎತ್ತದೆ ತಲೆಯನ್ನು ಆದಷ್ಟು ಹಿಂದಕ್ಕೆ ತನ್ನಿ. ಕಿವಿಯ ತೂತಿನ ಮುಂದಿರುವ ಪುಟ್ಟ ಗುಬುಟಿನಿಂದ ಗೋಡೆಗೆ ಎಷ್ಟು ದೂರ ಎಂದು ಮನೆಯವರಿಂದ ಅಳೆಸಿ. ಬಾಸ್ಮಿಯ ಲೆಕ್ಕದಲ್ಲಿ 15 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಚೆನ್ನಾಗಿದೆ, 30ಕ್ಕಿಂತ ಹೆಚ್ಚಿದ್ದರೆ ತುಂಬಾ ಬಾಗಿದೆ. ನಿಮ್ಮದು ಎಷ್ಟೇ ಇರಲಿ, ಬರೆದಿಡಿ. ಆ ಸಂಖ್ಯೆ ಎರಡು ತಿಂಗಳು ಸತತವಾಗಿ ಏರಿದರೆ ಮುಂದಿನ ಅಪಾಯಿಂಟ್‌ಮೆಂಟ್ ಬರಲಿ ಎಂದು ಕಾಯದೆ ನಿಮ್ಮ ಫಿಸಿಯೋಥೆರಪಿಸ್ಟ್‌ಗೆ ಫೋನ್ ಮಾಡಿ.